ಇಜಿಆರ್ ಕೋಡ್ ಬಂದಾಕ್ಷಣ ವಾಲ್ವ್ ಬದಲಿಸಬೇಡಿ

ಡೀಸೆಲ್ ಕಾರಿನ ಚೆಕ್ ಎಂಜಿನ್ ಲೈಟ್ ಹೊತ್ತಿಕೊಂಡು, ಸ್ಕ್ಯಾನರ್ ಹಾಕಿದಾಗ ಪಿ0401 ಎಂದು ಬಂದರೆ ಬಹಳಷ್ಟು ಗ್ಯಾರೇಜುಗಳಲ್ಲಿ ಉತ್ತರ ಮೊದಲೇ ಸಿದ್ಧವಿರುತ್ತದೆ: ಇಜಿಆರ್ ವಾಲ್ವ್ (ಎಂಜಿನ್ ಉಗುಳಿದ ಹೊಗೆಯಲ್ಲಿ ಒಂದಿಷ್ಟನ್ನು ಅದಕ್ಕೇ ವಾಪಸ್ ಬಿಡುವ ಬಾಗಿಲು) ಹೋಗಿದೆ, ಹೊಸದು ಹಾಕಬೇಕು. ಆದರೆ ವಾಲ್ವ್ ಹೋಗಿದೆ ಎಂದು ಆ ಕೋಡ್ ಎಲ್ಲಿಯೂ ಹೇಳುವುದಿಲ್ಲ. ಬರಬೇಕಾದಷ್ಟು ಹೊಗೆ ಎಂಜಿನ್ನಿಗೆ ವಾಪಸ್ ಬರುತ್ತಿಲ್ಲ, ಅಷ್ಟೇ ಅದರ ದೂರು. ವಾಲ್ವ್ ಗಟ್ಟಿಮುಟ್ಟಾಗಿದ್ದು ಪೈಪು ಕಟ್ಟಿರಬಹುದು, ಇಲಿ ವೈರು ಕಡಿದಿರಬಹುದು, ಗಾಳಿ ಅಳೆಯುವ ಸೆನ್ಸರ್ ಸುಳ್ಳು ಲೆಕ್ಕ ಕೊಡುತ್ತಿರಬಹುದು. ಸಾವಿರಾರು ರೂಪಾಯಿಯ ವಾಲ್ವ್ ತರುವ ಮೊದಲು ಒಂದು ಮಲ್ಟಿಮೀಟರ್ ಮತ್ತು ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಮೊಬೈಲಿಗೆ ಕಳಿಸುವ ಒಂದು ಓಬಿಡಿ ಡಾಂಗಲ್ ಇಟ್ಟುಕೊಂಡು ಇದನ್ನೆಲ್ಲ ಬೇರ್ಪಡಿಸಿ ನೋಡಬಹುದು.

ಹೊಗೆಯನ್ನು ವಾಪಸ್ ಏಕೆ ಕಳಿಸಬೇಕು?

ನಾವು ಉಸಿರಾಡುವ ಗಾಳಿಯಲ್ಲಿ ಶೇ 78ರಷ್ಟು ಸಾರಜನಕವಿದೆ. ಮಾಮೂಲಿ ಬಿಸಿಯಲ್ಲಿ ಅದು ಆಮ್ಲಜನಕದ ಗೊಡವೆಗೆ ಹೋಗುವುದಿಲ್ಲ. ಸಿಲಿಂಡರಿನೊಳಗಿನ ಜ್ವಾಲೆ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಎರಡೂ ಬೆರೆತು ನೈಟ್ರೋಜನ್ ಆಕ್ಸೈಡುಗಳಾಗುತ್ತವೆ. ಅಲ್ಲಿಂದ ಮೇಲೆ ಬಿಸಿ ಏರಿದಷ್ಟೂ ಅವುಗಳ ಪ್ರಮಾಣ ಜಿಗಿಯುತ್ತಾ ಹೋಗುತ್ತದೆ. ಒಮ್ಮೆ ಉರಿದು ಹೊರಬಿದ್ದ ಹೊಗೆಯಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹೆಚ್ಚು. ಅದನ್ನು ಹೊಸ ಗಾಳಿಯ ಜೊತೆ ಸೇರಿಸಿದರೆ ಉರಿ ನಿಧಾನವಾಗುತ್ತದೆ, ಆ ಅನಿಲಗಳು ಬಿಸಿಯನ್ನು ಹೀರಿಕೊಳ್ಳುತ್ತವೆ, ಜ್ವಾಲೆಯ ತುದಿಬಿಸಿ ಇಳಿಯುತ್ತದೆ. ಇಜಿಆರ್ ಮಾಡುವುದು ಇಷ್ಟೇ. ಡೀಸೆಲ್ ಕಾರುಗಳಿಗೆ ಹೊಗೆ ನಿಯಮವಾದ ಬಿಎಸ್ (ಭಾರತ್ ಸ್ಟೇಜ್) 4ರಲ್ಲಿ ಕಿಲೋಮೀಟರಿಗೆ 0.25 ಗ್ರಾಂ ಇದ್ದ ನೈಟ್ರೋಜನ್ ಆಕ್ಸೈಡಿನ ಮಿತಿ 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6ರಲ್ಲಿ 0.08 ಗ್ರಾಮಿಗೆ ಇಳಿಯಿತು. ಹಾಗಾಗಿ ಹೊಸ ಕಾರುಗಳಲ್ಲಿ ಈ ವ್ಯವಸ್ಥೆ ಇನ್ನೂ ಬಿಗಿ, ಇನ್ನೂ ನಾಜೂಕು.

ಕಡಿಮೆ ಲೋಡಿನಲ್ಲಿ ಡೀಸೆಲ್ ಎಂಜಿನ್ ಒಳಗೆಳೆಯುವ ಗಾಳಿಯಲ್ಲಿ ಅರ್ಧದ ಹತ್ತಿರ ಹೊಗೆಯೇ ಇರಬಹುದು. ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ 5ರಿಂದ 15. ಎಂಜಿನ್ ತಣ್ಣಗಿದ್ದಾಗ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ವಾಲ್ವ್ ಮುಚ್ಚಿರುತ್ತದೆ. ಐಡ್ಲಿಂಗಿನಲ್ಲಿ ಪೆಟ್ರೋಲ್ ಕಾರಿನ ವಾಲ್ವ್ ಮುಚ್ಚಿರುತ್ತದೆ, ಡೀಸೆಲ್ ಕಾರಿನದು ತೆರೆದಿರುತ್ತದೆ. ಬಹಳ ಹೊತ್ತು ಐಡ್ಲಿಂಗಿನಲ್ಲೇ ಬಿಟ್ಟರೆ ಅನೇಕ ಡೀಸೆಲ್ ಕಾರುಗಳಲ್ಲಿ ಇಸಿಯು, ಅಂದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರ್, ತಾನಾಗಿ ಮುಚ್ಚಿಬಿಡುತ್ತದೆ. ಪರೀಕ್ಷೆ ಮಾಡುವಾಗ ಇದನ್ನು ಮರೆತರೆ ಸರಿಯಿರುವ ವಾಲ್ವ್ ಕೂಡ ಕೆಟ್ಟಂತೆ ಕಾಣುತ್ತದೆ.

ತೆರೆದೇ ಸಿಕ್ಕಿಕೊಂಡರೆ, ಮುಚ್ಚಿಯೇ ಸಿಕ್ಕಿಕೊಂಡರೆ

ಮುಚ್ಚಿಯೇ ಸಿಕ್ಕಿಕೊಂಡ ಡೀಸೆಲ್ ಕಾರು ಓಡಿಸುವವರಿಗೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಲೈಟ್ ಹೊತ್ತುತ್ತದೆ, ಎಂಜಿನ್ನಿನ ಕಟಕಟ ಶಬ್ದ ತುಸು ಜೋರಾಗಬಹುದು, ಪಿಕಪ್ ಹಾಗೇ ಇರುತ್ತದೆ. ಪೆಟ್ರೋಲ್ ಕಾರಾದರೆ ಏರು ಹತ್ತುವಾಗ ನಾಕಿಂಗ್ ಕೇಳಿಸಬಹುದು.

ತೆರೆದೇ ಸಿಕ್ಕಿಕೊಂಡರೆ ಗೋಳು ಬೇರೆ. ರೇಸ್ ಕೊಟ್ಟಾಗ ಬೇಕಾದ ಆಮ್ಲಜನಕದ ಜಾಗದಲ್ಲಿ ಹೊಗೆ ಕೂತಿರುತ್ತದೆ. ಕರಿ ಹೊಗೆ, ಎಳೆತ ಇಲ್ಲದಿರುವುದು, ಕ್ಲಚ್ ಬಿಡುವಾಗ ಎಂಜಿನ್ ಆಫ್ ಆಗುವುದು, ಐಡ್ಲಿಂಗಿನಲ್ಲಿ ನಡುಕ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಕಾರುಗಳಲ್ಲಿ ಅದು ಬೇಗ ಬೇಗ ತುಂಬಿಕೊಳ್ಳತೊಡಗುತ್ತದೆ. ಡಿಪಿಎಫ್ ಲೈಟ್ ಪದೇ ಪದೇ ಬರುತ್ತಿದೆ ಎಂದು ಬಂದ ಕಾರಿನ ಅಸಲಿ ರೋಗ ಇಜಿಆರಿನಲ್ಲಿರುವುದು ಅಪರೂಪವಲ್ಲ. ಪೆಟ್ರೋಲ್ ಕಾರಿನ ವಾಲ್ವ್ ಕೂದಲೆಳೆಯಷ್ಟು ತೆರೆದು ನಿಂತರೂ ಐಡ್ಲಿಂಗ್ ಹಾಳಾಗುತ್ತದೆ.

ಆದರೆ ಕರಿ ಹೊಗೆ ಮತ್ತು ಎಳೆತ ಇಲ್ಲದಿರುವುದಕ್ಕೆ ಟರ್ಬೊ ತಳ್ಳುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಹೋಸ್ ಬಿರಿದಿರುವುದೂ ಕಾರಣವಾಗಬಹುದು, ಏರ್ ಫಿಲ್ಟರ್ ಕಟ್ಟಿರುವುದೂ ಕಾರಣವಾಗಬಹುದು. ಬಾನೆಟ್ ತೆಗೆದಾಗ ಮೊದಲು ಇವೆರಡನ್ನು ನೋಡಿ. ಹೋಸಿನ ಕ್ಲಿಪ್ ಬಳಿ ಎಣ್ಣೆ ಜಿಡ್ಡು ಹೊಸದಾಗಿ ಚಿಮ್ಮಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ ಎಂದೇ ಅರ್ಥ. ಐದು ನಿಮಿಷದ ಕೆಲಸ.

ಕೋಡನ್ನು ಓದುವ ಬಗೆ

ಪಿ0401 ಎಂದರೆ ಹರಿವು ಸಾಲದು, ಪಿ0402 ಎಂದರೆ ಹರಿವು ಹೆಚ್ಚಾಯಿತು. ಪಿ0403 ವಾಲ್ವಿಗೆ ಹೋಗುವ ಕಂಟ್ರೋಲ್ ಸರ್ಕ್ಯೂಟಿನದು: ವೈರು, ಕನೆಕ್ಟರ್, ಕಾಯಿಲ್. ಪಿ0404 ಬಂದರೆ ವಾಲ್ವ್ ಹೇಳಿದ ಜಾಗಕ್ಕೆ ಹೋಗುತ್ತಿಲ್ಲ, ಸಾಮಾನ್ಯವಾಗಿ ಮಸಿಯಿಂದ ಬಿಗಿಯಾಗಿದೆ. ಪಿ0405 ಮತ್ತು ಪಿ0406 ವಾಲ್ವ್ ಎಷ್ಟು ತೆರೆದಿದೆ ಎಂದು ಹೇಳುವ ಪೊಸಿಷನ್ ಸೆನ್ಸರಿನ ವೋಲ್ಟೇಜ್ ತೀರಾ ಕೆಳಗೆ ಅಥವಾ ತೀರಾ ಮೇಲೆ ಹೋಗಿದೆ ಎಂಬುದಕ್ಕೆ. 0403, 0405, 0406 ಬಂದಾಗ ಮಸಿ ಕರಗಿಸುವ ಕಾರ್ಬ್ ಕ್ಲೀನರ್ ಡಬ್ಬಿ ಪಕ್ಕಕ್ಕಿಟ್ಟು ಮಲ್ಟಿಮೀಟರ್ ಹಿಡಿಯಬೇಕು. 0401 ಮತ್ತು 0402 ಬಂದಾಗ ಹರಿವಿನ ಲೆಕ್ಕ ನೋಡಬೇಕು.

ಓಬಿಡಿ ಆ್ಯಪಿನಲ್ಲಿ ಎರಡು ಅಂಕಿಗಳು ಸಿಗಬಹುದು, ಕಮಾಂಡೆಡ್ ಇಜಿಆರ್ ಮತ್ತು ಇಜಿಆರ್ ಎರರ್. ಮೊದಲನೆಯದು ಇಸಿಯು ಎಷ್ಟು ತೆರೆಯಲು ಹೇಳಿದೆ ಎಂಬ ಶೇಕಡಾವಾರು. ಎರಡನೆಯದು ಹೇಳಿದ್ದಕ್ಕೂ ಆಗಿದ್ದಕ್ಕೂ ಇರುವ ವ್ಯತ್ಯಾಸವನ್ನು, ಹೇಳಿದ್ದರ ಶೇಕಡಾವಾರಾಗಿ ಕೊಡುವುದು. ತೆರೆಯಲು ಹೇಳಿದರೂ ವಾಲ್ವ್ ಅಲುಗದಿದ್ದರೆ ಎರರ್ ಮೈನಸ್ 100. ಇಲ್ಲಿ ಒಂದು ತಮಾಷೆಯಿದೆ: ಕಮಾಂಡ್ ಸೊನ್ನೆಯಿದ್ದು ವಾಲ್ವ್ ಒಂದು ಚೂರು ತೆರೆದಿದ್ದರೂ ಎರರ್ 99.2 ಎಂದು ತೋರಿಸುತ್ತದೆ, ಏಕೆಂದರೆ ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಅಂಥ ಸಂದರ್ಭಕ್ಕೆ ನಿಯಮದಲ್ಲಿ ಗೊತ್ತುಮಾಡಿರುವ ಅಂಕಿ ಅದು. ಅದನ್ನು ನೋಡಿ ವಾಲ್ವ್ ಶೇ 99 ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ. ರೇಸ್ ಬಿಟ್ಟ ಕ್ಷಣಕ್ಕೆ ಮಾತ್ರ ಬಂದು ಹೋದರೆ ಬಿಟ್ಟುಬಿಡಿ. ಅಲ್ಲೇ ನಿಂತಿದ್ದರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ.

ಗಾಳಿಯ ಲೆಕ್ಕದಿಂದ ಹರಿವನ್ನು ಹಿಡಿಯುವುದು

ಬಹುಪಾಲು ಡೀಸೆಲ್ ಕಾರುಗಳಲ್ಲಿ ವಾಪಸ್ ಬರುವ ಹೊಗೆಯನ್ನು ನೇರವಾಗಿ ಅಳೆಯುವುದಿಲ್ಲ. ಏರ್ ಫಿಲ್ಟರ್ ಪಕ್ಕದಲ್ಲಿರುವ ಮಾಸ್ ಏರ್ ಫ್ಲೋ ಸೆನ್ಸರ್, ಅಂದರೆ ಮ್ಯಾಫ್, ಹೊಸ ಗಾಳಿಯನ್ನಷ್ಟೇ ಅಳೆಯುತ್ತದೆ. ಸಿಲಿಂಡರ್ ಎಳೆದುಕೊಳ್ಳುವ ಒಟ್ಟು ಪ್ರಮಾಣ ಹೆಚ್ಚುಕಡಿಮೆ ಒಂದೇ ಇರುವುದರಿಂದ ಹೊಗೆ ಎಷ್ಟು ಬಂತೋ ಅಷ್ಟು ಹೊಸ ಗಾಳಿ ಕಡಿಮೆಯಾಗುತ್ತದೆ. ಇಸಿಯು ಈ ಇಳಿಕೆಯನ್ನು ನೋಡಿಯೇ ಹರಿವು ಸರಿಯೋ ತಪ್ಪೋ ಎಂದು ತೀರ್ಮಾನಿಸುತ್ತದೆ. ನಾವೂ ಅದನ್ನೇ ಮಾಡಬಹುದು.

ಸ್ವಿಫ್ಟ್, ಡಿಜೈರ್, ಪುಂಟೊ, ಇಂಡಿಕಾ ವಿಸ್ಟಾಗಳಲ್ಲಿ ಬಂದ 1.3 ಲೀಟರ್ ಮಲ್ಟಿಜೆಟ್ ಎಂಜಿನ್ನನ್ನೇ ತೆಗೆದುಕೊಳ್ಳಿ. ಒಟ್ಟು 1,248 ಸಿಸಿ, ಒಂದು ಸಿಲಿಂಡರಿಗೆ 312 ಸಿಸಿ. ಸಮುದ್ರಮಟ್ಟದಲ್ಲಿ 25 ಡಿಗ್ರಿ ಬಿಸಿಯಲ್ಲಿ ಒಂದು ಲೀಟರ್ ಗಾಳಿ ಸುಮಾರು 1.18 ಗ್ರಾಂ ತೂಗುತ್ತದೆ. ಸಿಲಿಂಡರ್ ಶೇ 85ರಷ್ಟು ತುಂಬುತ್ತದೆ ಎಂದು ಹಿಡಿದರೆ ಒಂದು ಸಲಕ್ಕೆ ಸುಮಾರು 310 ಮಿಲಿಗ್ರಾಂ. ಐಡ್ಲಿಂಗಿನಲ್ಲಿ 850 ಆರ್‌ಪಿಎಂ ಇದ್ದರೆ ನಾಲ್ಕು ಸಿಲಿಂಡರೂ ಸೇರಿ ಸೆಕೆಂಡಿಗೆ 28 ಸಲ ಗಾಳಿ ಎಳೆಯುತ್ತವೆ. ಗುಣಿಸಿದರೆ ಸೆಕೆಂಡಿಗೆ ಸುಮಾರು 9 ಗ್ರಾಂ. ಇದು ಮಂಗಳೂರಿನ ಲೆಕ್ಕ. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಅಲ್ಲಿ ಗಾಳಿಯ ಒತ್ತಡ ಸುಮಾರು ಶೇ 10 ಕಡಿಮೆ. ಅದೇ ಕಾರು ಅಲ್ಲಿ 8 ಗ್ರಾಂ ತೋರಿಸುತ್ತದೆ. ಘಾಟಿ ಹತ್ತಿ ಬಂದ ಕಾರಿನ ಅಂಕಿ ಇಳಿದಿದೆ ಎಂದು ಮ್ಯಾಫ್ ಸೆನ್ಸರನ್ನು ಬೈಯಬಾರದು. ಬೇರೆ ಎಂಜಿನ್ನಾದರೆ ಸಿಸಿ ಬದಲಿಸಿ ಇದೇ ಲೆಕ್ಕ ಮಾಡಿಕೊಳ್ಳಿ.

ಇನ್ನು ಪರೀಕ್ಷೆ. ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಮುಚ್ಚಿದ ಶೆಡ್ಡಿನಲ್ಲಿ ಬೇಡ. ಹತ್ತು ಕಿಲೋಮೀಟರ್ ಓಡಿಸಿ ಕೂಲೆಂಟ್ 80 ಡಿಗ್ರಿ ಮುಟ್ಟಿರಲಿ. ಎಸಿ, ಹೆಡ್‌ಲೈಟ್ ಆಫ್. ಆ್ಯಪಿನಲ್ಲಿ ಮ್ಯಾಫ್ ಅಂಕಿ ತೆರೆದಿಟ್ಟು ಒಮ್ಮೆ 2,500 ಆರ್‌ಪಿಎಂವರೆಗೆ ರೇಸ್ ಕೊಟ್ಟು ಬಿಡಿ. ಐಡ್ಲಿಂಗಿಗೆ ಬಂದ ಕೆಲವು ಸೆಕೆಂಡುಗಳಲ್ಲಿ ಇಜಿಆರ್ ತೆರೆದು ಬೆಂಗಳೂರಿನ ಆ 8 ಗ್ರಾಂ ನಾಲ್ಕರಿಂದ ಐದೂವರೆಯ ನಡುವೆ ಎಲ್ಲಾದರೂ ಬಂದು ನಿಲ್ಲಬೇಕು. ಈಗ ಎಂಜಿನ್ ಓಡುತ್ತಿರುವಾಗಲೇ, ಬೆಲ್ಟ್ ಫ್ಯಾನುಗಳಿಂದ ಕೈ ದೂರವಿಟ್ಟು, ಇಜಿಆರ್ ವಾಲ್ವಿನ ಪ್ಲಗ್ ಕಿತ್ತುಬಿಡಿ. ವಿದ್ಯುತ್ ತಪ್ಪಿದ ಕೂಡಲೇ ಒಳಗಿನ ಸ್ಪ್ರಿಂಗ್ ವಾಲ್ವನ್ನು ಮುಚ್ಚುತ್ತದೆ, ಅಂಕಿ 8ರ ಹತ್ತಿರಕ್ಕೆ ಏರಬೇಕು, ಎಂಜಿನ್ನಿನ ಶಬ್ದ ತುಸು ಚುರುಕಾಗಬೇಕು. ಕಿತ್ತದ್ದಕ್ಕೆ ಒಂದು ಕೋಡ್ ಬರುತ್ತದೆ, ಆಮೇಲೆ ಅಳಿಸಿದರಾಯಿತು.

ಅಂಕಿ ಇಳಿದು ಏರಿದರೆ ವಾಲ್ವ್, ಪೈಪು, ವೈರು ಎಲ್ಲವೂ ಆ ಕ್ಷಣಕ್ಕೆ ಕೆಲಸ ಮಾಡುತ್ತಿವೆ. ದೋಷ ಆಗಾಗ ಬಂದು ಹೋಗುವಂಥದು: ಕನೆಕ್ಟರ್ ಸಡಿಲ, ಅಥವಾ ಬಿಸಿಯಾದಾಗ ಮಾತ್ರ ಬಿಗಿಯಾಗುವ ವಾಲ್ವ್.

ಪ್ಲಗ್ ಹಾಕಿದ್ದರೂ ಕಿತ್ತರೂ ಅಂಕಿ 8ರಲ್ಲೇ ನಿಂತಿದ್ದರೆ ಹೊಗೆ ಬರುತ್ತಲೇ ಇಲ್ಲ. ವಾಲ್ವ್ ತೆರೆಯುತ್ತಿಲ್ಲ, ಇಲ್ಲವೇ ದಾರಿ ಕಟ್ಟಿದೆ. ಸ್ಕ್ಯಾನರಿನಲ್ಲಿ ಪೊಸಿಷನ್ ಬದಲಾಗುತ್ತಿದ್ದು ಗಾಳಿಯ ಅಂಕಿ ಬದಲಾಗದಿದ್ದರೆ ವಾಲ್ವ್ ನಿರ್ದೋಷಿ. ಅದರಾಚೆಯ ಪೈಪು ಅಥವಾ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಬಾಯಿ ಮಸಿಯಿಂದ ತುಂಬಿದೆ. ಪಿ0401 ಬಂದು ಹೊಸ ವಾಲ್ವ್ ಹಾಕಿಸಿಯೂ ಲೈಟ್ ಆರದ ಕಾರುಗಳಲ್ಲಿ ಹೆಚ್ಚಿನವುಗಳ ಕಥೆ ಇದೇ.

ಎರಡೂ ಸಲ 5ರ ಆಸುಪಾಸಿನಲ್ಲೇ ಇದ್ದರೆ ಗೊಂದಲ. ವಾಲ್ವ್ ತೆರೆದು ಸಿಕ್ಕಿಕೊಂಡಿರಬಹುದು, ಮ್ಯಾಫ್ ಕೊಳೆಯಾಗಿ ಕಡಿಮೆ ತೋರಿಸುತ್ತಿರಬಹುದು, ಮ್ಯಾಫ್ ದಾಟಿದ ಮೇಲೆ ಹೋಸಿನ ಬಿರುಕಿನಿಂದ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿರಬಹುದು. ಮೂರರಲ್ಲೂ ಹೊಸ ಗಾಳಿ ಕಡಿಮೆಯಾದಂತೆ ಕಂಡು ಇಸಿಯು ಪಿ0402 ಕೂಗುತ್ತದೆ. ಇದನ್ನು ಬಿಡಿಸಲು ತಗಡಿನ ಒಂದು ತುಂಡು ಸಾಕು. ಎಂಜಿನ್ ತಣ್ಣಗಾದ ಮೇಲೆ ಇಜಿಆರ್ ಪೈಪಿನ ಜಾಯಿಂಟ್ ಬಿಚ್ಚಿ, ಗ್ಯಾಸ್ಕೆಟ್ ಅಳತೆಗೆ ಕತ್ತರಿಸಿದ ತಗಡನ್ನು ತಾತ್ಕಾಲಿಕವಾಗಿ ಅಡ್ಡ ಇಟ್ಟು ಬಿಗಿದು ಮತ್ತೆ ನೋಡಿ. ಅಂಕಿ ಏರಿದರೆ ವಾಲ್ವ್ ಸೋರುತ್ತಿತ್ತು. ಏರದಿದ್ದರೆ ವಾಲ್ವನ್ನು ಬಿಟ್ಟು ಮ್ಯಾಫ್ ಮತ್ತು ಹೋಸುಗಳ ಕಡೆ ಹೋಗಿ. ಪರೀಕ್ಷೆ ಮುಗಿದ ಮೇಲೆ ತಗಡನ್ನು ತೆಗೆಯಲೇಬೇಕು.

ಮ್ಯಾಫ್ ಸೆನ್ಸರನ್ನು ಅದಕ್ಕೆಂದೇ ಸಿಗುವ ಸ್ಪ್ರೇಯಿಂದ ಮಾತ್ರ ತೊಳೆಯಿರಿ. ಕಾರ್ಬ್ ಕ್ಲೀನರ್ ಬೇಡ, ಬಟ್ಟೆ ಬ್ರಷ್ ತಾಗಿಸಲೂಬೇಡಿ. ಒಳಗಿನ ಬಿಸಿ ಫಿಲ್ಮ್ ಒಮ್ಮೆ ಕೆಟ್ಟರೆ ರಿಪೇರಿ ಇಲ್ಲ.

ವೈರು ಮತ್ತು ವ್ಯಾಕ್ಯೂಮ್

ಮೋಟಾರ್ ಇರುವ ವಾಲ್ವಿನಲ್ಲಿ ಸಾಮಾನ್ಯವಾಗಿ ಐದು ಪಿನ್: ಎರಡು ಮೋಟಾರಿಗೆ, ಮೂರು ಪೊಸಿಷನ್ ಸೆನ್ಸರಿಗೆ. ಪ್ಲಗ್ ಕಿತ್ತು ಕೀ ಆನ್ ಮಾಡಿದಾಗ ವೈರಿಂಗ್ ಕಡೆಯ ಪ್ಲಗ್ಗಿನಲ್ಲಿ ಸೆನ್ಸರಿನ ಒಂದು ಪಿನ್ನಿಗೆ 5 ವೋಲ್ಟ್ ಬರಬೇಕು, ಇನ್ನೊಂದು ಗ್ರೌಂಡ್ ಆಗಿರಬೇಕು. 5 ವೋಲ್ಟೇ ಇಲ್ಲವೆಂದರೆ ವಾಲ್ವಿಗೂ ಇದಕ್ಕೂ ಸಂಬಂಧವಿಲ್ಲ. ಪ್ಲಗ್ ವಾಪಸ್ ಹಾಕಿ ಹಿಂಬದಿಯಿಂದ ಸೂಜಿ ತೂರಿಸಿ ಸಿಗ್ನಲ್ ವೈರು ನೋಡಿ: ಮುಚ್ಚಿದ್ದಾಗ ಅರ್ಧದಿಂದ ಒಂದೂಕಾಲು ವೋಲ್ಟ್, ತೆರೆಯುತ್ತಾ ಹೋದಂತೆ ಎಲ್ಲಿಯೂ ಜಿಗಿಯದೆ 4ರವರೆಗೆ ಏರಬೇಕು. ಕೆಲವು ಸೆನ್ಸರುಗಳು ಉಲ್ಟಾ ಓಡುತ್ತವೆ, ಆ ಕಾರಿನ ಸರ್ವಿಸ್ ಮ್ಯಾನ್ಯುಯಲ್ ನೋಡಿಕೊಳ್ಳಿ.

ಮೋಟಾರ್ ಪಿನ್ನುಗಳಿಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟು ‘ಟೆಸ್ಟ್’ ಮಾಡುವವರಿದ್ದಾರೆ. ಬೇಡ. ಒಳಗಿರುವುದು ಎಷ್ಟೋ ವಾಲ್ವುಗಳಲ್ಲಿ ಪ್ಲಾಸ್ಟಿಕ್ ಗೇರು. ಕೊನೆ ತಲುಪಿದ ಮೇಲೂ ತಳ್ಳಿದರೆ ಹಲ್ಲು ಮುರಿಯುತ್ತದೆ. ಸ್ಕ್ಯಾನರಿನ ಆಕ್ಚುಯೇಟರ್ ಟೆಸ್ಟ್ ಬಳಸಿ. ಅದೂ ಇಲ್ಲವಾದರೆ ಎಂಜಿನ್ ಆಫ್ ಮಾಡಿದ ಕೂಡಲೇ ವಾಲ್ವಿನ ಹತ್ತಿರ ಕಿವಿಗೊಡಿ. ಅನೇಕ ಕಾರುಗಳಲ್ಲಿ ಮಸಿ ಕೊಡವಿಕೊಳ್ಳಲು ಇಸಿಯು ವಾಲ್ವನ್ನು ಒಂದೆರಡು ಸಲ ತೆರೆದು ಮುಚ್ಚುವ ಝುಂಯ್ ಸದ್ದು ಕೇಳಿಸುತ್ತದೆ.

ಹಳೆಯ ಕಾರುಗಳಲ್ಲಿ ವಾಲ್ವನ್ನು ಎತ್ತುವುದು ವ್ಯಾಕ್ಯೂಮ್. ಬ್ರೇಕಿಗೆ ಇರುವ ವ್ಯಾಕ್ಯೂಮ್ ಪಂಪಿನಿಂದಲೇ ಒಂದು ಹೋಸ್ ಸೋಲೆನಾಯ್ಡಿಗೆ, ಅಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಪುಟ್ಟ ವಾಲ್ವಿಗೆ, ಬಂದು, ಅಲ್ಲಿಂದ ವಾಲ್ವಿನ ತಲೆಯ ಮೇಲಿನ ಡಯಾಫ್ರಮ್ಮಿಗೆ ಹೋಗುತ್ತದೆ. ಹ್ಯಾಂಡ್ ವ್ಯಾಕ್ಯೂಮ್ ಪಂಪನ್ನು ನೇರ ಡಯಾಫ್ರಮ್ಮಿಗೆ ಹಾಕಿ 500 ಮಿಲಿಬಾರ್ ಎಳೆಯಿರಿ. ಕಡ್ಡಿ ಮೇಲೇರಬೇಕು, ಅರ್ಧ ನಿಮಿಷವಾದರೂ ಮುಳ್ಳು ಇಳಿಯಬಾರದು. ಇಳಿದರೆ ಡಯಾಫ್ರಮ್ ಹರಿದಿದೆ. ಐಡ್ಲಿಂಗಿನಲ್ಲಿ ಇದೇ ರೀತಿ ಎಳೆದರೆ ಪೆಟ್ರೋಲ್ ಎಂಜಿನ್ ಮುಗ್ಗರಿಸಬೇಕು ಅಥವಾ ನಿಂತೇ ಹೋಗಬೇಕು. ಡೀಸೆಲ್ ನಿಲ್ಲುವುದಿಲ್ಲ, ಶಬ್ದ ಮಂಕಾಗುತ್ತದೆ. ಸೋಲೆನಾಯ್ಡ್ ಕಾಯಿಲ್ ಸಾಮಾನ್ಯವಾಗಿ 10ರಿಂದ 20 ಓಮ್ ತೋರಿಸುತ್ತದೆ. ಆದರೆ ಸೋಲೆನಾಯ್ಡಿಗಿಂತ ಮೊದಲು ಹೋಸುಗಳ ತುದಿ ನೋಡಿ. ಎಂಜಿನ್ ಬಿಸಿಗೆ ರಬ್ಬರ್ ಒಣಗಿ ಸೀಳಿರುವುದು, ಇಲಿ ಕಡಿದಿರುವುದು ಕಾಯಿಲ್ ಸುಡುವುದಕ್ಕಿಂತ ಎಷ್ಟೋ ಸಾಮಾನ್ಯ.

ಬಿಚ್ಚಿ ತೊಳೆಯುವಾಗ

ಒಳಗಿರುವುದು ಒಣ ಮಸಿಯಷ್ಟೇ ಅಲ್ಲ. ಎಂಜಿನ್ನಿನೊಳಗಿನ ಆವಿಯನ್ನು ಹೊರಬಿಡುವ ಬ್ರೀದರಿನಿಂದ ಬರುವ ಎಣ್ಣೆಯಾವಿ ಮಸಿಗೆ ಅಂಟಿ ಡಾಂಬರಿನಂತಾಗಿರುತ್ತದೆ. ಟ್ಯಾಂಕಿಗೆ ಸುರಿಯುವ ಬಾಟಲಿಗಳು ಇದನ್ನು ತಲುಪುವುದೇ ಇಲ್ಲ, ಸಿಲಿಂಡರಿನಲ್ಲೇ ಉರಿದುಹೋಗುತ್ತವೆ. ಹೈವೇಯಲ್ಲಿ ಜೋರಾಗಿ ಓಡಿಸಿದರೆ ಶುದ್ಧವಾಗುತ್ತದೆ ಎಂಬುದು ಡಿಪಿಎಫ್ ಮಟ್ಟಿಗೆ ನಿಜ. ಇಜಿಆರ್ ವಾಲ್ವ್ ಪೂರ್ತಿ ರೇಸಿನಲ್ಲಿ ಮುಚ್ಚಿಯೇ ಇರುವುದರಿಂದ ಅಲ್ಲಿ ಗಟ್ಟಿಯಾದದ್ದು ಗಟ್ಟಿಯಾಗಿಯೇ ಉಳಿಯುತ್ತದೆ.

ಎಂಜಿನ್ ಪೂರ್ತಿ ತಣ್ಣಗಿರಲಿ, ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಬಿಸಿ ಉಂಡ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟರೆ ತಲೆ ಮುರಿಯುವುದಿಲ್ಲ. ಕೂಲೆಂಟ್ ಹಾಯುವ ವಾಲ್ವ್ ಆದರೆ ಕೂಲೆಂಟ್ ಇಳಿಸಬೇಕು. ಬಿಚ್ಚಿದ ವಾಲ್ವನ್ನು ಮೋಟಾರ್ ಮೇಲೆ ಬರುವಂತೆ ಹಿಡಿದು ಕೆಳಗಿನ ಲೋಹದ ಭಾಗಕ್ಕಷ್ಟೇ ಕಾರ್ಬ್ ಕ್ಲೀನರ್ ಹೊಡೆಯಿರಿ. ದ್ರವ ಮೋಟಾರಿನ ಕಡೆ ಇಳಿದರೆ ತೊಳೆದ ವಾಲ್ವೇ ಸಾಯುತ್ತದೆ. ಹತ್ತು ಹದಿನೈದು ನಿಮಿಷ ನೆನೆಯಲು ಬಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ವಾಲ್ವ್ ಕೂರುವ ಸೀಟಿನ ಅಂಚಿಗೆ ತಂತಿ ಬ್ರಷ್, ಸ್ಕ್ರೂಡ್ರೈವರ್ ಬೇಡ, ಒಂದು ಗೀರು ಬಿದ್ದರೂ ಸೋರುತ್ತದೆ. ಕಾಸ್ಟಿಕ್ ಸೋಡಾ ಇರುವ ಕ್ಲೀನರ್ ಅಲ್ಯೂಮಿನಿಯಂ ಮೈಯನ್ನೇ ತಿನ್ನುತ್ತದೆ. ಕಾರ್ಬ್ ಕ್ಲೀನರ್ ಪೆಟ್ರೋಲಿನಷ್ಟೇ ಬೇಗ ಹತ್ತಿಕೊಳ್ಳುವ ವಸ್ತು, ಬೀಡಿ ಸಿಗರೇಟು ದೂರ.

ತೊಳೆದ ಮೇಲೆ ಕಡ್ಡಿಯಿರುವ ವಾಲ್ವಾದರೆ ಮೋಟಾರಿನ ಕಡೆ ಹನಿ ಇಳಿಯದಂತೆ ಹಿಡಿದು ಸೀಟಿನ ಮೇಲೆ ಸ್ವಲ್ಪ ಸೀಮೆಎಣ್ಣೆ ಹಾಕಿ ನೋಡಿ. ಒಂದೆರಡು ಹನಿ ಜಿನುಗಿದರೆ ಪರವಾಗಿಲ್ಲ, ಧಾರೆಯಾಗಿ ಇಳಿದರೆ ಸೀಟ್ ಮುಗಿದಿದೆ. ಹೊಸ ವಾಲ್ವಿಗೆ ದುಡ್ಡು ಹಾಕಬೇಕಾದದ್ದು ಇಂಥ ಕಡೆ. ಮ್ಯಾನಿಫೋಲ್ಡಿನ ಬಾಯಿಯಲ್ಲಿ ಬೆರಳು ಆಡಿಸಿ. ದಾರಿ ಅರ್ಧಕ್ಕಿಂತ ಕಿರಿದಾಗಿದ್ದರೆ ಮ್ಯಾನಿಫೋಲ್ಡನ್ನೂ ಇಳಿಸಿಯೇ ತೊಳೆಯಬೇಕು. ಕೂತಲ್ಲೇ ಕೆರೆದರೆ ಗಟ್ಟಿ ಮಸಿಯ ತುಂಡು ಸಿಲಿಂಡರಿಗೆ ಬೀಳುತ್ತದೆ. ಲೋಹದ ಗ್ಯಾಸ್ಕೆಟ್ ಒಮ್ಮೆ ಒತ್ತಿದರೆ ಮುಗಿಯಿತು, ಹೊಸದೇ ಬೇಕು.

ಕೂಲರ್ ಸೋರಿದರೆ ತಡಮಾಡಬೇಡಿ

ಹೊರಗೆ ಎಲ್ಲಿಯೂ ಒದ್ದೆಯಿಲ್ಲ, ಆದರೂ ವಾರಕ್ಕೊಮ್ಮೆ ಕೂಲೆಂಟ್ ಇಳಿಯುತ್ತಿದೆ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತದೆ ಎಂದರೆ ಹೆಡ್ ಗ್ಯಾಸ್ಕೆಟ್ ಬಿಚ್ಚುವ ಮೊದಲು, ವಾಪಸ್ ಬರುವ ಹೊಗೆಯನ್ನು ಕೂಲೆಂಟಿನಿಂದ ತಣಿಸುವ ಇಜಿಆರ್ ಕೂಲರ್ ನೋಡಿ. ಹೊಗೆ ಹಾಯುವ ಬಾಯಿ ಬಿಚ್ಚಿಟ್ಟು, ರೇಡಿಯೇಟರಿಗೆ ಪ್ರೆಷರ್ ಟೆಸ್ಟರ್ ಹಾಕಿ, ಮುಚ್ಚಳದ ಮೇಲೆ ಬರೆದಿರುವಷ್ಟು ಒತ್ತಡ, ಸಾಮಾನ್ಯವಾಗಿ ಒಂದು ಬಾರಿನ ಆಸುಪಾಸು, ಕೊಟ್ಟು ಅರ್ಧ ಗಂಟೆ ಬಿಡಿ. ಕೂಲರಿನ ಒಳಗೋಡೆಯಲ್ಲಿ ತೇವ ಕಂಡರೆ ಅಲ್ಲೇ ತೀರ್ಮಾನ. ಸೋರಿದ ಕೂಲೆಂಟಿನ ಗ್ಲೈಕಾಲ್ ಎಣ್ಣೆಮಸಿಯ ಜೊತೆ ಸೇರಿದರೆ ಉರಿಯಬಲ್ಲದು. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಬಿಎಂಡಬ್ಲ್ಯು ಡೀಸೆಲ್ ಕಾರುಗಳಿಗೆ ಸಾಲುಸಾಲಾಗಿ ಬೆಂಕಿ ಬಿದ್ದದ್ದು ಇದರಿಂದಲೇ. ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು.

ತಗಡು ಹಾಕಿ ಶಾಶ್ವತವಾಗಿ ಮುಚ್ಚಿಸುವ ಬಗ್ಗೆ

‘ಪ್ಲೇಟ್ ಹಾಕಿಸಿಬಿಡಿ, ತಲೆನೋವೇ ಇರಲ್ಲ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಡೀಸೆಲ್ ಕಾರಿನ ಎಮಿಷನ್ ಟೆಸ್ಟಿನಲ್ಲಿ ನೋಡುವುದು ಹೊಗೆಯ ಕಪ್ಪನ್ನು ಮಾತ್ರ, ನೈಟ್ರೋಜನ್ ಆಕ್ಸೈಡನ್ನಲ್ಲ. ಹಾಗಾಗಿ ಪ್ಲೇಟ್ ಹಾಕಿದ ಕಾರು ಸರ್ಟಿಫಿಕೇಟ್ ಪಡೆದು ಹೊರಬರುತ್ತದೆ. ಸಿಕ್ಕಿಬೀಳುವುದಿಲ್ಲ ಎಂದ ಮಾತ್ರಕ್ಕೆ ಕಾನೂನುಬದ್ಧವಾಗುವುದಿಲ್ಲ, ಊರಿನ ಗಾಳಿಗೆ ಹೋಗುವ ಆಕ್ಸೈಡೂ ನಿಲ್ಲುವುದಿಲ್ಲ. ಹರಿವನ್ನು ಕಾಯುವ ಇಸಿಯು ಇರುವ ಕಾರಿನಲ್ಲಿ ಪ್ಲೇಟ್ ಹಾಕಿದ ಕೆಲವೇ ದಿನಗಳಲ್ಲಿ ಅದೇ ಪಿ0401 ವಾಪಸ್ ಬರುತ್ತದೆ. ಬಿಎಸ್ 6 ಕಾರು ಪವರ್ ಕಡಿತ ಮಾಡಿ ಲಿಂಪ್ ಮೋಡಿಗೂ ಹೋಗಬಹುದು.

ಜೋಡಿಸಿದ ನಂತರ

ತೊಳೆದರೂ ಬದಲಿಸಿದರೂ ಮುಚ್ಚಿದ ಸ್ಥಾನ ಹಿಂದಿನಂತೆ ಇರುವುದಿಲ್ಲ. ಮಸಿಯ ದಪ್ಪವನ್ನೂ ಸೇರಿಸಿ ಕಲಿತಿದ್ದ ಇಸಿಯುಗೆ ಹೊಸ ಸೊನ್ನೆ ಕಲಿಸಬೇಕು. ಸ್ಕ್ಯಾನರಿನಲ್ಲಿ ಇಜಿಆರ್ ಅಡಾಪ್ಟೇಶನ್ ಅಥವಾ ರೀಸೆಟ್ ಎಂದಿರುವುದು ಅದೇ. ಅದನ್ನು ಬಿಟ್ಟುಬಿಟ್ಟು ‘ತೊಳೆದ ಮೇಲೆ ಇನ್ನೂ ಹಾಳಾಯಿತು’ ಎಂದು ಬರುವವರು ಬಹಳ. ಆಮೇಲೆ ಮೊದಲಿನ ಮ್ಯಾಫ್ ಪರೀಕ್ಷೆಯನ್ನು ಪ್ಲಗ್ ಹಾಕಿ, ಪ್ಲಗ್ ಕಿತ್ತು ಇನ್ನೊಮ್ಮೆ ಮಾಡಿ, ಕೋಡ್ ಅಳಿಸಿ, ತಣ್ಣಗಿನ ಸ್ಟಾರ್ಟಿನಿಂದ ಹಿಡಿದು ಒಂದೇ ವೇಗದಲ್ಲಿ ಹೋಗುವ ರಸ್ತೆಯವರೆಗೆ ಒಂದೆರಡು ದಿನ ಓಡಿಸಿ ಪೆಂಡಿಂಗ್ ಕೋಡ್ (ಲೈಟ್ ಹೊತ್ತಿಸುವ ಮೊದಲು ಇಸಿಯು ಬರೆದಿಟ್ಟುಕೊಳ್ಳುವ ಕೋಡ್) ಇದೆಯೇ ನೋಡಿ.

ಕೆಲವೇ ತಿಂಗಳಲ್ಲಿ ಮತ್ತೆ ಕಟ್ಟಿಕೊಂಡರೆ ವಾಲ್ವನ್ನು ಮತ್ತೆ ತೊಳೆಯುವುದರಲ್ಲಿ ಅರ್ಥವಿಲ್ಲ. ಹೊಗೆಯಲ್ಲೇ ಮಸಿ ಹೆಚ್ಚಿದೆ, ಇಲ್ಲವೇ ಒಳಬರುವ ಗಾಳಿಯಲ್ಲಿ ಎಣ್ಣೆ ಹೆಚ್ಚಿದೆ. ಇಂಟರ್‌ಕೂಲರಿನ ಹೋಸ್ ಬಿಚ್ಚಿ ನೋಡಿ: ತೆಳ್ಳನೆಯ ಜಿಡ್ಡು ಮಾಮೂಲು, ಎಣ್ಣೆ ನಿಂತಿದ್ದರೆ ಟರ್ಬೊ ಸೀಲ್ ಅಥವಾ ಬ್ರೀದರ್ ನೋಡಬೇಕು. ಹೋಸ್ ಒಣಗಿದ್ದು ವಾಲ್ವಿನಲ್ಲಿ ಪುಡಿ ಮಸಿಯೇ ತುಂಬಿದ್ದರೆ ಇಂಜೆಕ್ಟರುಗಳ ರಿಟರ್ನ್ ಟೆಸ್ಟ್ (ಅವು ವಾಪಸ್ ಬಿಡುವ ಡೀಸೆಲಿನ ಅಳತೆ) ಮಾಡಿಸಿ.